ಬಾವಿ ನನ್ನ ದನಿಯಲ್ಲಿ ಹೇಳಿದ್ದು

ನಮ್ಮೂರಿನಲ್ಲಿ ಚುನಾವಣೆ ಘೋಷಣೆಯಾದ ಮರುದಿನದಿಂದ ಬಾವಿಗಳು ಮಾತಾಡುತ್ತವೆ. ಮತ ಎಣಿಕೆ ಮುಗಿದ ಸಂಜೆ ಸುಮ್ಮನಾಗುತ್ತವೆ. ಮಿಕ್ಕ ದಿನಗಳಲ್ಲಿ ಅವು ಬೇರೆ ಊರಿನ ಬಾವಿಗಳ ಹಾಗೆಯೇ. ಹಗ್ಗ ಇಳಿಬಿಟ್ಟರೆ ನೀರು ಬರುತ್ತದೆ, ಇಣುಕಿದರೆ ಮುಖ ಕಾಣುತ್ತದೆ. ಆ ಒಂದು ತಿಂಗಳು ಮಾತ್ರ ನೀರು ಸೇದಲು ಹೋದವರಿಗೆ ಕೆಳಗಿನಿಂದ ಯಾರೋ ಗುರುತಿನವರ ದನಿ ಕೇಳಿಸುತ್ತದೆ. ತಂಗಿಯದು, ಭಾವನದು, ಅಕ್ಷರ ಕಲಿಸಿದ ಮೇಷ್ಟರದು, ಹೆರಿಗೆ ಮಾಡಿಸಿದ ನರ್ಸಮ್ಮನದು. ಯಾರನ್ನು ನೀವು ನಂಬುತ್ತೀರೋ ಅವರದು. ಅಭ್ಯರ್ಥಿಗಳ ದನಿಯಲ್ಲಿ ಬಾವಿ ಮಾತಾಡಿದ್ದು ಇದುವರೆಗೆ ಒಮ್ಮೆಯೂ ಇಲ್ಲ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಕೆಲವರು ಬಾವಿಗೆ ಹಲಗೆ ಮುಚ್ಚಿ ಮೇಲೆ ರುಬ್ಬುಗುಂಡು ಇಡುತ್ತಾರೆ. ಕೆಲವರು ಕಿವಿಗೆ ಹತ್ತಿ ತುರುಕಿಕೊಂಡು ಸೇದುತ್ತಾರೆ. ಸೊಸೆ ಹೊರಗಿನಿಂದ ಬಂದವಳಾದರೆ ಅತ್ತೆ ಮೊದಲೇ ಹೇಳಿಕೊಟ್ಟಿರುತ್ತಾಳೆ: ಬಾವಿ ಕರೆದರೆ ಓಗೊಡಬೇಡ, ಬೈದರೆ ತಿರುಗಿ ಬೈಯಬೇಡ, ಹೇಳಿದ್ದನ್ನು ಪಕ್ಕದ ಮನೆಗೆ ಒಯ್ಯಬೇಡ. ಮೂರನೆಯದನ್ನು ಯಾರೂ ಪಾಲಿಸುವುದಿಲ್ಲ. ನಮ್ಮ ಓಣಿಯ ಟೈಲರ್ ಹೆಂಡತಿ ಹೋದ ಸಲ ನಗುತ್ತಾ ಹೇಳಿದ್ದಳು, “ಮನೇಲಿ ಮೂರು ಮಾತಾಡದ ಗಂಡ್ಸು ಕಣಕ್ಕ, ಬಾವೀಲಿ ಅರ್ಧ ಗಂಟೆ ಮಾತಾಡ್ದ. ಹಲಗೆ ಮುಚ್ಚಕ್ಕೆ ಮನ್ಸೇ ಬರ್ನಿಲ್ಲ.”

ಬಾವಿ ದೊಡ್ಡ ಸುಳ್ಳು ಹೇಳುವುದಿಲ್ಲ. ದೊಡ್ಡ ಸುಳ್ಳನ್ನು ಜನ ಅನುಮಾನಿಸುತ್ತಾರೆ. ನಿಮ್ಮ ಮತಗಟ್ಟೆ ಈ ಸಲ ಹೈಸ್ಕೂಲಿನಲ್ಲಲ್ಲ, ಹಳೇ ಮಂಡಿಯಲ್ಲಿ ಎನ್ನುತ್ತದೆ. ಇಂಥವರು ನಿನ್ನೆ ಕಣದಿಂದ ಹಿಂದೆ ಸರಿದರಂತೆ ಎನ್ನುತ್ತದೆ. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಹೋದರೆ ಅವಮಾನ ಎನ್ನುತ್ತದೆ. ಕೇಳಿದವರು ಸಿಟ್ಟಾಗುವುದಿಲ್ಲ, ಕೂಗಾಡುವುದಿಲ್ಲ. ತಪ್ಪು ಜಾಗಕ್ಕೆ ಹೋಗುತ್ತಾರೆ, ಇಲ್ಲವೆ ಮನೆಯಲ್ಲೇ ಉಳಿಯುತ್ತಾರೆ. ಅಷ್ಟು ಸಾಕು.

ನಾನು ಪುರಸಭೆಯಲ್ಲಿ ನೀರಿನ ರುಚಿ ನೋಡುವವಳು, ರುಚಿಗಾತಿ. ಹೆಸರು ಕುಮುದಾ. ನಮ್ಮವ್ವ ಚಾಪೆ ಓಣಿಯಲ್ಲಿ ಜೊಂಡಿನ ಚಾಪೆ ನೇಯುತ್ತ ನನ್ನನ್ನು ಬಿ.ಎಸ್ಸಿ. ಓದಿಸಿದಳು. ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಈ ಕೆಲಸಕ್ಕೆ ಬಂದದ್ದು ಕಡಿಮೆ. ನಾಲಿಗೆಯೇ ಹೆಚ್ಚು ಕೆಲಸಕ್ಕೆ ಬಂದಿದೆ. ನಮ್ಮೂರಿನ ನೂರ ನಲವತ್ತೊಂದು ಬಾವಿಗಳ ನೀರನ್ನು ಕಣ್ಣು ಕಟ್ಟಿ ಕೊಟ್ಟರೂ ಗುರುತಿಸಬಲ್ಲೆ. ಗೆಳತಿಯರು ಇದನ್ನು ವರ ಎನ್ನುತ್ತಾರೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಸ್ವಭಾವ ನನ್ನದು. ಆ ಸ್ವಭಾವವೇ ನೀರಿನ ಕಡೆ ತಿರುಗಿದೆ ಎಂದು ನನಗನ್ನಿಸುತ್ತದೆ.

ನಮ್ಮ ಹೊಳೆಯ ದಂಡೆಯಲ್ಲಿ ಮೂರು ಊರುಗಳಿವೆ. ನಮ್ಮದು, ಮೇಲ್ದಂಡೆ, ಎದುರುದಂಡೆ. ಮೂರೂ ಮೂರು ದೇಶದವು. ಭಾಷೆ ಬೇರೆ, ಕಾನೂನು ಬೇರೆ, ಚುನಾವಣೆಯ ವರ್ಷವೂ ಬೇರೆ. ಮೇಲೆ ಮೂರು ಬಾವುಟ, ಕೆಳಗೆ ಒಂದೇ ನೀರು. ಎದುರುದಂಡೆಯ ಯಾವುದೋ ಬಾವಿಗೆ ಬಗ್ಗಿ ಒಬ್ಬ ಮಾತಾಡಿದರೆ ನಮ್ಮೂರಿನ ಬಾವಿಯಲ್ಲಿ ನಮ್ಮವರ ದನಿಯಾಗಿ ಅದು ಮೇಲೆ ಬರುತ್ತದೆ. ನಮ್ಮ ಚುನಾವಣೆ ಕೆಡಿಸಬೇಕೆನ್ನುವವರು ದೋಣಿ ಹತ್ತಿ ಆಚೆ ಹೋಗುತ್ತಾರೆ; ಅಲ್ಲಿ ನಮ್ಮ ಪೊಲೀಸರು ಅವರನ್ನು ಮುಟ್ಟುವ ಹಾಗಿಲ್ಲ. ಅವರ ಚುನಾವಣೆ ಕೆಡಿಸಬೇಕೆನ್ನುವವರು ಇಲ್ಲಿಗೆ ಬರುತ್ತಾರೆ. ಮೊದಲೆಲ್ಲ ಒಬ್ಬರ ಮೇಲೊಬ್ಬರು ಗೂಬೆ ಕೂರಿಸುತ್ತಿದ್ದೆವು. ಒಂದು ವರ್ಷ ನಾವು ಎಂಟು ತಿಂಗಳು ದೋಣಿ ನಿಲ್ಲಿಸಿದೆವು. ಅವರು ನಮ್ಮ ಚಾಪೆಗಳನ್ನು ಸಂತೆಯಲ್ಲಿ ರಾಶಿ ಹಾಕಿ ಸುಟ್ಟರು. ಬಾವಿಗಳು ಮಾತ್ರ ಮಾತಾಡುತ್ತಲೇ ಇದ್ದವು.

ಆಮೇಲೆ ಎದುರುದಂಡೆಯಿಂದ ಮದುವೆಯಾಗಿ ಬಂದ ಒಬ್ಬಾಕೆ, ದನಿ ಬರುತ್ತಿದ್ದಾಗಲೇ ಸೇದಿದ ನೀರು ಕುಡಿದು, “ಇದು ನಮ್ಮಪ್ಪನ ಮನೆ ಹಿಂದಿನ ಬಾವಿಯದು” ಎಂದಳು. ಹೋಗಿ ನೋಡಿದರೆ ನಿಜವಾಗಿಯೂ ಅಲ್ಲಿ ಒಬ್ಬ ಬಗ್ಗಿ ನಿಂತು ಮಾತಾಡುತ್ತಿದ್ದ. ಮಾತು ಹೊರಟ ಬಾವಿಯ ರುಚಿಯನ್ನು ನೀರು ತನ್ನ ಜೊತೆ ತರುತ್ತದೆ. ಅಂದಿನಿಂದ ಮೂರು ಊರಿನವರು ಕೂತು ಒಪ್ಪಂದ ಮಾಡಿಕೊಂಡರು. ಯಾರ ಊರಿನಲ್ಲಿ ಚುನಾವಣೆಯೋ ಅಲ್ಲಿ ಆ ಊರಿನ ರುಚಿಗಾತಿಯ ಜೊತೆ ಬೇರೆ ದೇಶದವಳೊಬ್ಬಳು ಕೂರಬೇಕು. ಇಬ್ಬರೂ ನೀರು ಕುಡಿಯಬೇಕು, ಇಬ್ಬರೂ ಸಹಿ ಹಾಕಬೇಕು. ಗುರುತಿಸಿದ ತಕ್ಷಣ ಆ ಊರಿನ ಕಚೇರಿಗೆ ಫೋನು ಹೋಗುತ್ತದೆ. ಅವರು ಓಡಿಹೋಗಿ ಬಾವಿಗೆ ಒದ್ದೆ ಗೋಣಿ ಮುಚ್ಚಿ, ಮಾತಾಡಿದವನನ್ನು ಹಿಡಿಯುತ್ತಾರೆ.

ಏಳು ವರ್ಷಗಳಿಂದ ನನ್ನ ಜೊತೆ ಕೂರುವವಳು ಎದುರುದಂಡೆಯ ದರಿನಾ. ಅವರ ಚುನಾವಣೆಗೆ ನಾನು ಹೋಗಿ ಅವಳ ಮನೆಯಲ್ಲೇ ಉಳಿಯುತ್ತೇನೆ. ನಮ್ಮದಕ್ಕೆ ಅವಳು ಬಂದು ನಮ್ಮಲ್ಲಿ ಉಳಿಯುತ್ತಾಳೆ. ನಮ್ಮ ಓಣಿಯಲ್ಲಿ ಅವಳನ್ನು ದಾರಿಣಮ್ಮ ಎನ್ನುತ್ತಾರೆ. ಅವಳು ಕನ್ನಡವನ್ನು ಪುಸ್ತಕದಿಂದ ಕಲಿತವಳು; ‘ನನಗೆ ಹಸಿವೆಯಾಗಿರುತ್ತದೆ’ ಎಂದರೆ ಓಣಿಯವರೆಲ್ಲ ಕೆಲಸ ಬಿಟ್ಟು ನಗುತ್ತಾರೆ. ಅವಳೂ ನಗುತ್ತಾಳೆ. ಆದರೆ ಚುನಾವಣೆಯ ಬಗ್ಗೆ ಯಾರಾದರೂ ಕೇಳಿದರೆ ತುಟಿ ಹೊಲಿದುಕೊಂಡವಳ ಹಾಗೆ ಕೂರುತ್ತಾಳೆ. ಬೇರೆ ದೇಶದ ರುಚಿಗಾತಿ ಮತದಾರರೊಂದಿಗೆ ಮತದಾನದ ಬಗ್ಗೆ ಒಂದು ಮಾತೂ ಆಡಬಾರದು ಎಂದು ಒಪ್ಪಂದದಲ್ಲಿದೆ. ನನಗೂ ಒಂದು ಕಟ್ಟು ಇದೆ. ತಾನು ರುಚಿ ನೋಡುವ ಚುನಾವಣೆಯಲ್ಲಿ ರುಚಿಗಾತಿ ಮತ ಹಾಕುವಂತಿಲ್ಲ. ಹಾಕಿದರೆ ಮತ್ತೆಂದೂ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಸುಳ್ಳು ಯಾವ ಬಾವಿಯಿಂದ ಬಂತು ಎಂದು ಹೇಳುವವಳಿಗೆ ಗೆಲ್ಲುವವರಲ್ಲಿ ಪಾಲು ಇರಬಾರದು ಎಂಬ ಲೆಕ್ಕ. ನ್ಯಾಯವಾದದ್ದೇ ಎಂದು ನಾನೂ ಒಪ್ಪಿಕೊಂಡಿದ್ದೆ. ಏಳು ವರ್ಷ ಬೆರಳಿಗೆ ಶಾಯಿ ಹಾಕಿಸಿಕೊಂಡಿರಲಿಲ್ಲ.

ಈ ಸಲದ ಚುನಾವಣೆ ನಮ್ಮ ಓಣಿಗೆ ಬೇರೆ ಸಲದಂತಿರಲಿಲ್ಲ. ಹೊಳೆಯ ಅಂಚಿನ ಜೊಂಡುಗದ್ದೆಯನ್ನು ಹರಾಜಿಗಿಟ್ಟು ಇಟ್ಟಿಗೆ ಗೂಡುಗಳಿಗೆ ಕೊಡುತ್ತೇವೆ ಎಂದು ಒಂದು ಗುಂಪಿನವರು, ಕೊಡುವುದಿಲ್ಲ ಎಂದು ಇನ್ನೊಂದು ಗುಂಪಿನವರು ನಿಂತಿದ್ದರು. ಜೊಂಡು ಹೋದರೆ ಚಾಪೆ ಓಣಿಗೆ ಕೆಲಸವಿಲ್ಲ. ಓಣಿಯ ಮತ ಮುನ್ನೂರ ಹನ್ನೆರಡು. ಯಾರು ಸರಿ ಎಂದು ನಾನು ಎಲ್ಲೂ ಹೇಳಿರಲಿಲ್ಲ, ಹೇಳಬಾರದಾಗಿತ್ತು. ಆದರೆ ನಮ್ಮ ಓಣಿಯವರು ಹೋಗಿ ತಮಗೆ ಬೇಕಾದದ್ದಕ್ಕೆ ಮುದ್ರೆ ಒತ್ತಿ ಬರಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಮತದಾನದ ದಿನ ನಾನು, ದರಿನಾ ನಸುಕಿನ ಐದಕ್ಕೇ ಪುರಸಭೆಯ ಕೋಣೆಯಲ್ಲಿ ಕೂತಿದ್ದೆವು; ಬೆಳಗ್ಗೆ ಹತ್ತು ಗಂಟೆಯವರೆಗೆ ರುಚಿ ನೋಡಿಸಲು ಒಂದೇ ಒಂದು ಕೊಡವೂ ಬರಲಿಲ್ಲ. ಮುಖ್ಯಾಧಿಕಾರಿ ದೇವೀರಪ್ಪನವರು ನಮ್ಮ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ಏನಮ್ಮಾ, ಬಾವಿಗಳಿಗೆ ಗಂಟಲು ನೋವಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮತಗಟ್ಟೆಗಳಿಂದ ಎರಡು ಗಂಟೆಗೊಮ್ಮೆ ಬರುವ ಸಂಖ್ಯೆಗಳ ಹಾಳೆ ಅವರ ಕೈಯಲ್ಲಿತ್ತು. ಕೇಳಿ ತೆಗೆದುಕೊಂಡು ನೋಡಿದೆ. ಹೈಸ್ಕೂಲಿನ ಮೂರನೇ ಕೋಣೆ, ಚಾಪೆ ಓಣಿ, ಒಂಬತ್ತು ಗಂಟೆಗೆ ಸೊನ್ನೆ.

“ಸರ್, ಇಲ್ಲಿ ಸೊನ್ನೆ ಇದೆ.”

“ಚಾಪೆಯೋರು ನಿಧಾನ ಕಣಮ್ಮ. ಜೊಂಡು ನೆನೆಹಾಕಿ ಬರ್ತಾರೆ.”

“ಹೋದ ಸಲ ಒಂಬತ್ತಕ್ಕೆ ಎಂಬತ್ತೇಳು ಆಗಿತ್ತು ಸರ್.”

ಅವರು ಹಾಳೆಯನ್ನು ವಾಪಸ್ ತೆಗೆದುಕೊಂಡು ದಿಟ್ಟಿಸಿದರು. ಅಷ್ಟರಲ್ಲಿ ನಮ್ಮ ಓಣಿಯ ಸೋಡಾ ಅಂಗಡಿ ಇಮಾಮ್ ಸಾಬಿ ಒಂದು ಕೊಡ ಹೊತ್ತು ಬಂದರು. ಕೊಡದ ಬಾಯಿಗೆ ಬಟ್ಟೆ ಕಟ್ಟಿತ್ತು. ಕೊಡ ಇಳಿಸಿದವರೇ ದೇವೀರಪ್ಪನವರ ಮೇಲೆ ಹರಿಹಾಯ್ದರು.

“ಸಾಹೇಬ್ರೆ, ಬಾವಿಗೆ ಅದೇನು ಔಷಧಿ ಸುರ್ದಿದೀರಿ? ಬೆಳಿಗ್ಗೆ ತುಂಬಿದ ಸೋಡಾ ಒಂದೂ ಓಡ್ನಿಲ್ಲ. ಕುಡಿದೋರೆಲ್ಲ ಥೂ ಅಂತ ಉಗೀತಾರೆ. ಚಪ್ಪಲಿ ನೆಕ್ಕಿದಂಗೆ ಅಯ್ತೆ ಅಂತಾರೆ. ನನ್ನ ವ್ಯಾಪಾರದ ಗತಿ ಏನು?”

ದರಿನಾ ತಲೆಯೆತ್ತಿದಳು. ನಾನು ಕೇಳಿದೆ, “ಸಾಬರೆ, ಈ ನೀರು ಸೇದುವಾಗ ಬಾವಿ ಮಾತಾಡ್ತಾ?”

“ಮಾತಾಡ್ದೆ ಏನು? ಐದೂವರೆಗೇ ಶುರುವಾಯ್ತು. ಹತ್ತು ನಿಮಿಷ.”

“ಮತ್ತೆ ಆಗಲೇ ಯಾಕೆ ತರಲಿಲ್ಲ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನೀವೇ ಅಲ್ವೇನಮ್ಮಾ ಮಾತಾಡಿದ್ದು? ನೀವು ಹೇಳಿದ್ದನ್ನ ನಿಮ್ಮ ತಾವ್ಲೇ ತಂದು ರುಚಿ ನೋಡಿಸೋದಾ?”

ನಮ್ಮೂರಿನಲ್ಲಿ ಜನ ಅನುಮಾನ ಬಂದಾಗ ನೀರು ತರುತ್ತಾರೆ. ಆ ದಿನ ಮುನ್ನೂರ ಹನ್ನೆರಡು ಮತದಾರರಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ದನಿ ಅನುಮಾನ ಪರಿಹರಿಸುವವಳದು. ಏಳು ವರ್ಷದಲ್ಲಿ ಬಾವಿ ಎಂದೂ ನನ್ನ ದನಿ ಎತ್ತಿಕೊಂಡಿರಲಿಲ್ಲ. ಅದಕ್ಕೆ ಒಳಗೊಳಗೇ ಬೇಸರಪಟ್ಟುಕೊಂಡಿದ್ದೂ ಉಂಟು. ನರ್ಸಮ್ಮನನ್ನು ನಂಬುವಷ್ಟು ನನ್ನನ್ನು ನಂಬುವುದಿಲ್ಲವಲ್ಲ ಎಂದು. ಈಗ ಗಾಬರಿಯ ಜೊತೆ ಒಂದು ಗುಟುಕು ಹಿಗ್ಗೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

“ನಾನು ಏನಂದೆ?” ಎಂದು ಕೇಳಿದೆ.

ಇಮಾಮ್ ಸಾಬಿ ಒಪ್ಪಿಸಿದರು. ಚಾಪೆ ಓಣಿಯ ಪಟ್ಟಿಯಲ್ಲಿ ತಪ್ಪಾಗಿದೆ. ನಮ್ಮವರ ಮತದಾನ ಇವತ್ತಲ್ಲ, ನಾಳೆ. ಇವತ್ತು ಹೋಗಿ ನಿಂತವರ ಹೆಸರು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ. ಇಷ್ಟು ಹೇಳಿ ಆಮೇಲೆ, ಮಧ್ಯಾಹ್ನ ನಾನೇ ಬಂದು ಬೇರೆ ಮಾತು ಹೇಳಬಹುದು, ಕಚೇರಿಯವರು ಹೇಳಿಸುತ್ತಾರೆ, ಕೆಲಸದ ಹಂಗು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೂ ಹೇಳಿತಂತೆ.

ಈ ಕೊನೆಯ ಮಾತು ಬರೆದುಕೊಟ್ಟವನು ಯಾರೋ, ನನ್ನನ್ನು ಚೆನ್ನಾಗಿ ಗಮನಿಸಿದ್ದ. ನಾನು ಹಾಗೆಯೇ ಮಾತಾಡುವುದು. ಒಂದು ಮಾತು ಹೇಳಿ, ಅದು ತಪ್ಪಾದೀತೆಂದು ಇನ್ನೊಂದನ್ನು ಸೇರಿಸುವುದು.

ಕೊಡದ ಬಟ್ಟೆ ಬಿಚ್ಚಿ ಎರಡು ಲೋಟಕ್ಕೆ ಬಗ್ಗಿಸಿದೆವು. ಮೊದಲು ನಾನು ಕುಡಿದೆ. ನಮ್ಮ ಓಣಿಯ ಬಾವಿಯ ತೆಳುವಾದ ಸವಿ ತಳದಲ್ಲೆಲ್ಲೋ ಇತ್ತು; ಮೇಲೆ ಒಗರು, ಕೊಳೆತ ತೊಗಟೆಯ ಹಾಗೆ. ನಮ್ಮೂರಿನದಲ್ಲ ಎಂದೆ. ದರಿನಾ ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಬಹಳ ಹೊತ್ತು ನುಂಗಲಿಲ್ಲ.

“ತಂಗಡಿ ತೊಗಟೆ,” ಎಂದಳು. “ಚರ್ಮ ಹದಮಾಡುವ ಕೇರಿಯ ಬಾವಿ. ಎದುರುದಂಡೆ. ನಾನು ಹುಟ್ಟಿದ ಕೇರಿ.”

ತನ್ನ ಊರಿನ ಹೆಸರು ಹೇಳಬೇಕಾದಾಗ ಎಲ್ಲರ ನಾಲಿಗೆಯೂ ಒಂದು ಕ್ಷಣ ತಡೆಯುತ್ತದೆ. ಅವರ ಚುನಾವಣೆಯಲ್ಲಿ ನಮ್ಮ ಮಾರುಕಟ್ಟೆ ಬಾವಿಯ ಹೆಸರನ್ನು ನಾನು ಎರಡು ಸಲ ಹೇಳಿದ್ದೆ; ಎರಡು ಸಲವೂ ಇಲ್ಲಿನವರು ನನ್ನ ಜೊತೆ ತಿಂಗಳು ಮಾತಾಡಿರಲಿಲ್ಲ. ದರಿನಾ ತಾನೇ ಫೋನು ತಿರುಗಿಸಿ ತನ್ನ ಭಾಷೆಯಲ್ಲಿ ತನ್ನ ಕೇರಿಯ ವಿಳಾಸ ಹೇಳಿದಳು. ಇಪ್ಪತ್ತೈದು ನಿಮಿಷದಲ್ಲಿ ಉತ್ತರ ಬಂತು. ಬಾವಿಗೆ ಗೋಣಿ ಮುಚ್ಚಿದ್ದಾರೆ. ಹದದ ತೊಟ್ಟಿಗಳ ಹಿಂದೆ ಮತ್ತೆ ಮಾತಾಡಲು ಕಾದು ಕೂತಿದ್ದ ಇಬ್ಬರು ಸಿಕ್ಕಿದ್ದಾರೆ, ಕೈಯಲ್ಲಿ ಕನ್ನಡದಲ್ಲಿ ಬರೆದ ಚೀಟಿ ಇತ್ತು. ಒಬ್ಬ ನಮ್ಮೂರಿನವನೇ, ನಿನ್ನೆ ಸಂಜೆಯ ದೋಣಿಯಲ್ಲಿ ಹೋದವನು.

“ಶಹಭಾಸ್!” ಎಂದರು ದೇವೀರಪ್ಪನವರು. “ಒಪ್ಪಂದ ಅಂದ್ರೆ ಹಿಂಗಿರ್ಬೇಕು.”

ಒಪ್ಪಂದದ ಕೆಲಸ ಮುಗಿದಿತ್ತು. ಬಾವಿ ಇನ್ನು ಹೊಸದಾಗಿ ಏನೂ ಹೇಳುವುದಿಲ್ಲ. ಆದರೆ ಹೇಳಿಯಾದದ್ದು ಓಣಿಯೊಳಗೆ ಕೂತಿತ್ತು, ಗಂಟೆ ಹನ್ನೊಂದೂವರೆಯಾಗಿತ್ತು, ಐದಕ್ಕೆ ಬಾಗಿಲು ಹಾಕುತ್ತಾರೆ. ದೇವೀರಪ್ಪನವರು ಮೈಕು ಕಟ್ಟಿದ ಆಟೋ ಕಳಿಸಿದರು. ಅದು ಎರಡು ಸುತ್ತು ಹೊಡೆದು ಬಂತು. ಪುರಸಭೆಯ ಆಟೋ ಮಂಗಳವಾರ ನಲ್ಲಿ ನೀರು ಬರುತ್ತದೆ ಎಂದು ಮೂರು ವರ್ಷದಿಂದ ಹೇಳುತ್ತಿದೆ. ಯಾರೂ ಬಾಗಿಲಿಗೂ ಬರಲಿಲ್ಲ ಎಂದು ಡ್ರೈವರ್ ಹೇಳಿದ. ನಾನೇ ಹೊರಟೆ. ದರಿನಾ ಜೊತೆಗೆ ಬಂದಳು. ಒಬ್ಬ ರುಚಿಗಾತಿ ಹೋದಲ್ಲಿಗೆ ಇನ್ನೊಬ್ಬಳು ಹೋಗಬೇಕು, ಅದೂ ನಿಯಮವೇ.

ಓಣಿಯಲ್ಲಿ ಎಲ್ಲರೂ ಜಗಲಿಯ ಮೇಲೆ ಎಂದಿನ ಹಾಗೆ ನೇಯುತ್ತ ಕೂತಿದ್ದರು. ನಡುವಿನ ಮನೆ ಸಣ್ಣತಾಯಮ್ಮನದು. ಎಂಬತ್ತರ ಹತ್ತಿರದ ಹೆಂಗಸು. ನನ್ನವ್ವನಿಗೆ ಮಗ್ಗ ಹೂಡುವುದನ್ನು ಹೇಳಿಕೊಟ್ಟವಳು. ಅವಳು ಎದ್ದರೆ ಓಣಿ ಏಳುತ್ತದೆ. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಇವತ್ತೇ ಮತದಾನ, ಬೆಳಗ್ಗೆ ಮಾತಾಡಿದ್ದು ನಾನಲ್ಲ ಎಂದೆ.

“ಬಂದ್ಯಾ ಮಗಾ,” ಎಂದಳು ಕೈ ನಿಲ್ಲಿಸದೆ. “ಬತ್ತೀನಿ ಅಂತ ಬೆಳಿಗ್ಗೇನೇ ನೀನೇ ಹೇಳಿದ್ದೆ. ಪಾಪ, ಬಿಸಿಲಲ್ಲಿ ಓಡಾಡುಸ್ತಾರೆ ನಿನ್ನ.”

“ಅಜ್ಜೀ, ನನ್ನನ್ನ ಯಾರೂ ಕಳಿಸಿಲ್ಲ. ನಾನಾಗೇ ಬಂದೆ.”

“ಹಂಗೇ ಹೇಳ್ಬೇಕು ಅಂತ ಹೇಳ್ಕೊಟ್ಟಿರ್ತಾರೆ. ನಂಗೊತ್ತು ಕಣ್ ಮಗಾ, ಕೆಲ್ಸದ ಹಂಗು. ಮನ್ಸಿಗೆ ಹಚ್ಕೋಬ್ಯಾಡ.”

ಸುತ್ತ ಜನ ಸೇರಿದರು. ನಾನು ತಂಗಡಿ ತೊಗಟೆಯ ಬಗ್ಗೆ ಹೇಳಿದೆ, ಸಿಕ್ಕಿಬಿದ್ದ ಇಬ್ಬರ ಬಗ್ಗೆ ಹೇಳಿದೆ, ಚೀಟಿಯ ಬಗ್ಗೆ ಹೇಳಿದೆ. ಹೇಳಿದಷ್ಟೂ ನನ್ನ ದನಿ ನನಗೇ ಬಾವಿಯಿಂದ ಬಂದ ಹಾಗೆ ಕೇಳತೊಡಗಿತು. ಟೈಲರ್ ಹೆಂಡತಿ ಪಕ್ಕದವಳಿಗೆ, “ಬೆಳಿಗ್ಗೇನೂ ಹಿಂಗೇ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳ್ತು,” ಎಂದಳು. ಇಮಾಮ್ ಸಾಬಿ ತಮ್ಮ ಸೋಡಾ ಎತ್ತಿ ತೋರಿಸಿ, ಕುಡಿದು ನೋಡಿ ಎಂದು ಕೂಗಿದರು. ಯಾರೋ, “ನಿನ್ನ ಸೋಡಾ ಯಾವತ್ತು ಚೆಂದಾಗಿತ್ತು ಸಾಬಣ್ಣ?” ಎಂದರು. ಓಣಿ ನಕ್ಕಿತು.

ಸಣ್ಣತಾಯಮ್ಮ ಮಾತ್ರ ನಗಲಿಲ್ಲ. ನೇಯುವುದನ್ನು ನಿಲ್ಲಿಸಿ ನನ್ನ ಎಡಗೈ ಹಿಡಿದೆಳೆದಳು. ತೋರುಬೆರಳನ್ನು ಬಿಸಿಲಿಗೆ ತಿರುಗಿಸಿ ನೋಡಿದಳು.

“ಇವತ್ತೇ ಓಟು ಅಂತೀಯ. ಎಲ್ಲಿ, ಶಾಯಿ ಎಲ್ಲಿ?”

“ನಾವು ರುಚಿ ನೋಡೋರು ಹಾಕೋ ಹಾಗಿಲ್ಲ ಅಜ್ಜಿ. ಏಳು ವರ್ಷದಿಂದ ಹಾಕಿಲ್ಲ.”

“ನೀನು ಈ ಓಣಿಯೋಳು ತಾನೆ? ಪಟ್ಟೀಲಿ ನಿನ್ನ ಹೆಸರೂ ಅದೆ ತಾನೆ?”

“ಇದೆ.”

“ಬಡಿಸೋಳು ತಾನು ಒಂದು ತುತ್ತೂ ಉಣ್ಣಲ್ಲ ಅಂದ್ರೆ ಆ ಅನ್ನ ಹೆಂಗೆ ಮಗಾ ಬಾಯಿಗಿಡೋದು? ಹೋಗಿ ನಿಂತ್ರೆ ಹೆಸರು ಹೊಡೀತಾರೆ ಅಂತ ನಿಂಗೂ ಭಯ. ಅದ್ಕೇ ನೀನೂ ಹೋಗಿಲ್ಲ.”

ನಿಜ ಹೇಳಲು ನಾನು ಇಟ್ಟುಕೊಂಡಿದ್ದ ಖಾಲಿ ಬೆರಳೇ ನಾನು ಸುಳ್ಳಾಡುತ್ತಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಆಗ ಒಬ್ಬರು ಓಣಿಯ ತುದಿಯಲ್ಲಿ ನಿಂತಿದ್ದ ದರಿನಾಳ ಕಡೆ ತಿರುಗಿ, “ದಾರಿಣಮ್ಮ, ನೀನು ನಮ್ಮೋಳಲ್ಲ, ನಿಂಗೆ ಯಾವ ಹಂಗೂ ಇಲ್ಲ. ನೀನೇ ಹೇಳವ್ವ, ಓಟು ಇವತ್ತೋ ನಾಳೆಯೋ?” ಎಂದರು. ನೂರಾರು ಕಣ್ಣು ಅವಳ ಮೇಲಿತ್ತು. ಅವಳಿಗೆ ಉತ್ತರ ಗೊತ್ತಿತ್ತು. ಒಂದೇ ಪದ. ಅವಳ ಅಪರಿಚಿತ ಕನ್ನಡವನ್ನು ಆ ಹೊತ್ತಿಗೆ ಯಾವ ಬಾವಿಯೂ ಕದ್ದಿರಲಿಲ್ಲ; ಅವಳು ಹೇಳಿದ್ದರೆ ನಂಬುತ್ತಿದ್ದರು. ಅವಳು ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿ ಹಿಡಿದು ನೆಲ ನೋಡಿದಳು.

“ನೋಡಿದ್ರಾ,” ಎಂದಳು ಟೈಲರ್ ಹೆಂಡತಿ. “ಪಾಪ, ಸುಳ್ಳು ಹೇಳಕ್ಕೆ ಬರಲ್ಲ ಅದ್ಕೆ.”

ಜನ ತಮ್ಮ ತಮ್ಮ ಜಗಲಿಗೆ ಮರಳಿದರು.

ನಾನು ದರಿನಾಳ ಹತ್ತಿರ ಹೋದೆ. ಕೋಪ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. “ಒಂದು ಪದ ದರಿನಾ. ಇವತ್ತು ಅಂದಿದ್ದರೆ ಸಾಕಿತ್ತು.”

“ಹೌದು,” ಎಂದಳು. “ಇವತ್ತು ನಾನು ನಿಜ ಹೇಳುತ್ತೇನೆ. ಮುಂದಿನ ಸಲ ನನ್ನ ಊರಿನಿಂದ ಇನ್ನೊಬ್ಬಳು ಬರುತ್ತಾಳೆ. ಅವಳೂ ಹೇಳುತ್ತಾಳೆ. ನಿಮ್ಮವರು ಕೇಳುತ್ತಾರೆ, ಏಕೆಂದರೆ ದಾರಿಣಮ್ಮ ಹೇಳಿದಾಗ ನಿಜವಾಗಿತ್ತು.” ಸ್ವಲ್ಪ ತಡೆದು, “ಆಗ ಸುಳ್ಳು ಹೇಳಲು ಬಾವಿ ಬೇಕಾಗಿಲ್ಲ,” ಎಂದಳು.

ನನಗೆ ಇದು ಗೊತ್ತಿತ್ತು. ಅವರ ಊರಿನಲ್ಲಿ, ಇದೇ ರೀತಿ ನನ್ನನ್ನು ಸುತ್ತಿಕೊಂಡು ಕೇಳಿದಾಗ ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇಬ್ಬರೂ ಗೋಡೆಯ ನೆರಳಿನಲ್ಲಿ ನಿಂತೆವು. ಹೈಸ್ಕೂಲಿನ ಗಡಿಯಾರ ಹನ್ನೆರಡೂವರೆ ಹೊಡೆಯಿತು.

“ನಾನು ಈಗ ಶಾಲೆಯ ಕಡೆ ಹೋಗ್ತೀನಿ,” ಎಂದೆ.

ಅವಳು ನನ್ನ ಮುಖ ನೋಡಿದಳು. “ನನಗೆ ಹೇಳಬೇಡ. ಹೇಳಿದರೆ ನಾನು ವರದಿಯಲ್ಲಿ ಬರೆಯಬೇಕು.”

“ಹೇಳದಿದ್ದರೂ ನೋಡ್ತೀಯಲ್ಲ.”

“ನೋಡುತ್ತೇನೆ.”

“ನೋಡಿದರೆ?”

“ಬರೆಯುತ್ತೇನೆ, ಕುಮುದಾ.”

“ಬರಿ,” ಎಂದೆ.

ಮೂರನೇ ಕೋಣೆಯಲ್ಲಿ ಮತಗಟ್ಟೆ ಅಧಿಕಾರಿ ಮೇಜಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ಪಟ್ಟಿಯಲ್ಲಿ ನನ್ನ ಹೆಸರು ನೂರ ಎಂಬತ್ತೆಂಟನೆಯದು. ಅದರ ಕೆಳಗೆ ತೀರಿಹೋದ ಅವ್ವನ ಹೆಸರು ಇನ್ನೂ ತೆಗೆದಿರಲಿಲ್ಲ. ಶಾಯಿ ಹಚ್ಚುವ ಹುಡುಗಿ, “ನೀವು ರುಚಿ ನೋಡೋ ಮೇಡಂ ಅಲ್ವಾ? ಹಾಕಬಹುದಾ ನೀವು?” ಎಂದು ಕೇಳಿದಳು. ಕಾನೂನಿನ ಪ್ರಕಾರ ಹಾಕಬಹುದು ಎಂದೆ. ಅದು ನಿಜವೇ. ನಮ್ಮ ದೇಶದ ಕಾನೂನು ನನ್ನನ್ನು ತಡೆಯುವುದಿಲ್ಲ. ತಡೆಯುವುದು ಮೂರು ಊರಿನ ಒಪ್ಪಂದ. ಪರದೆಯ ಹಿಂದೆ ಮುದ್ರೆ ಹಿಡಿದು ನಿಂತೆ. ಏಳು ವರ್ಷದಲ್ಲಿ ಎಲ್ಲಿ ಒತ್ತಬೇಕೆಂಬುದೇ ಮರೆತಿತ್ತೋ ಏನೋ, ಎರಡು ಸಲ ಓದಿಕೊಂಡೆ. ಎಲ್ಲಿ ಒತ್ತಿದೆ ಎಂಬುದನ್ನು ಹೇಳುವುದಿಲ್ಲ.

ಹೊರಗೆ ಬಂದಾಗ ದರಿನಾ ಬೇವಿನ ಮರದ ಕೆಳಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದಳು.

ಓಣಿಗೆ ಮರಳಿದಾಗ ನಾನು ಒಂದು ಮಾತೂ ಆಡಲಿಲ್ಲ. ಆ ದಿನ ನನ್ನ ದನಿಗೆ ಬೆಲೆಯಿರಲಿಲ್ಲ. ಸಣ್ಣತಾಯಮ್ಮನ ಮುಂದೆ ಕೂತು ಎಡಗೈ ಚಾಚಿದೆ. ಅವಳು ಬೆರಳು ಹಿಡಿದು ನೋಡಿದಳು, ಮೂಸಿದಳು. ಸೆರಗಿನ ತುದಿಯನ್ನು ಜೊಂಡು ನೆನೆಸಿದ ನೀರಿಗದ್ದಿ ಉಜ್ಜಿದಳು. ಒಳಗಿನಿಂದ ಹುಣಸೆಹಣ್ಣು ತರಿಸಿ ಉಜ್ಜಿದಳು. ಒಲೆಯ ಬೂದಿ ತರಿಸಿ, ಉಗುರಿನ ಬುಡ ಕೆಂಪಗಾಗುವವರೆಗೆ ಉಜ್ಜಿದಳು. ಶಾಯಿ ಹೋಗಲಿಲ್ಲ.

“ಹೆಸರು ಹೊಡೆದ್ರಾ?” ಎಂದು ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

“ಬಾವಿಗೆ ಬೆರಳಿಲ್ಲ ಬಿಡು,” ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅರ್ಧ ನೇಯ್ದ ಚಾಪೆಯನ್ನು ಹಾಗೇ ಬಿಟ್ಟು ಮೊಣಕಾಲ ಮೇಲೆ ಕೈಯೂರಿ ಎದ್ದಳು. “ಏಯ್, ಏನ್ ನೋಡ್ತಾ ಕುಂತಿದೀರಿ? ಓಟಿನ ಚೀಟಿ ತಗೊಳ್ರೋ. ಸಾಬಣ್ಣ, ನಿನ್ನ ಚಪ್ಪಲಿ ಸೋಡಾನೂ ತತ್ತಾ, ಸಾಲಲ್ಲಿ ನಿಂತ್ರೆ ಬಾಯಾರ್ತದೆ.”

ಐದು ಗಂಟೆಗೆ ಬಾಗಿಲು ಹಾಕಿದಾಗ ಮೂರನೇ ಕೋಣೆಯಲ್ಲಿ ಇನ್ನೂರ ಎಂಬತ್ತನಾಲ್ಕು ಮತ ಬಿದ್ದಿತ್ತು. ಮೂರು ದಿನದ ಮೇಲೆ ಎಣಿಕೆಯಾಯಿತು. ಜೊಂಡುಗದ್ದೆ ಉಳಿಸುತ್ತೇವೆ ಎಂದವರು ನೂರ ಹತ್ತು ಮತದಿಂದ ಗೆದ್ದರು. ನಮ್ಮ ಓಣಿಯಲ್ಲೇ ಮೂವತ್ತೊಂದು ಜನ ಹರಾಜಿನವರಿಗೆ ಮತ ಹಾಕಿದ್ದರು. ಯಾರು ಎಂದು ಯಾರೂ ಕೇಳಲಿಲ್ಲ.

ವರದಿಗೆ ಸಹಿ ಹಾಕಬೇಕಾಗಿದ್ದದ್ದು ಎಣಿಕೆಯ ಮರುದಿನ. ದೇವೀರಪ್ಪನವರು ನಮ್ಮ ಕೋಣೆಗೆ ಎರಡು ಸಲ ಬಂದುಹೋದರು. “ನೋಡಿದೋರಲ್ಲಿ ವರದಿ ಬರೆಯೋಳು ಅವಳೊಬ್ಬಳೇ ತಾನೇಮ್ಮಾ? ಓಣಿಯೋರಿಗೆ ನಾನು ಹೇಳ್ತೀನಿ. ಎಲ್ಲಾ ಒಳ್ಳೇದಕ್ಕೇ ಆಗಿದ್ದು. ಒಂದು ಸಾಲು ಬಿಟ್ರೆ ಆಯ್ತಪ್ಪ,” ಎಂದರು. ದರಿನಾಗೆ ಕೇಳಿಸುವಂತೆಯೇ ಹೇಳಿದರು. ಒಪ್ಪಂದ ನಡೆಸುವ ಮೂರು ಊರಿನ ಮಂಡಳಿ ಈ ಹಾಳೆಯನ್ನು ನಂಬುವುದು ಅದರಲ್ಲಿ ಸಾಲು ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ತಾನು ಹುಟ್ಟಿದ ಕೇರಿಯ ಬಾವಿಯ ಹೆಸರನ್ನು ಅದೇ ಹಾಳೆಯ ಮೇಲಿನ ಸಾಲಿನಲ್ಲಿ ದರಿನಾ ತನ್ನ ಕೈಯಾರೆ ಬರೆದಿದ್ದಳು.

ಅವರು ಹೋದ ಮೇಲೆ ಅವಳು ಹಾಳೆಯನ್ನು ನನ್ನ ಕಡೆ ತಳ್ಳಿದಳು. ಕನ್ನಡದಲ್ಲೇ ಬರೆದಿದ್ದಳು, ಒಂದೊಂದು ಅಕ್ಷರವನ್ನೂ ಶಾಲೆಯ ಮಕ್ಕಳ ಹಾಗೆ ದುಂಡಗೆ. ಕೊನೆಯ ಸಾಲು ಹೀಗಿತ್ತು: ‘ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ರುಚಿಗಾತಿ ಕುಮುದಾ ಅವರು ಬೇರೆ ದಾರಿಯಿಲ್ಲದೆ ಮತ ಚಲಾಯಿಸಿದರು. ನಾನು ನೋಡಿದೆನು.’

ಎರಡು ಸಲ ಓದಿದೆ. ಲೇಖನಿ ಎತ್ತಿ, ಇಟ್ಟೆ.

“ಏನು ತಪ್ಪಿದೆ?” ಎಂದು ಕೇಳಿದಳು.

“ಬೇರೆ ದಾರಿಯಿಲ್ಲದೆ,” ಎಂದೆ. “ಇದು ನೀನು ನೋಡಿದ್ದಲ್ಲ. ನೀನು ಅಂದುಕೊಂಡದ್ದು.”

“ಅದು ನಿಜ ಅಲ್ಲವೆ?”

“ನಿಜ ಇರಬಹುದು. ನೀರಿನಲ್ಲಿ ಅದರ ರುಚಿ ಇಲ್ಲ.”

ಅವಳು ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಪೂರ್ತಿ ಬರೆದಳು. ಆ ಎರಡು ಪದ ಇರಬೇಕಾಗಿದ್ದ ಜಾಗಕ್ಕೆ ಬಂದಾಗ ಲೇಖನಿ ಒಂದು ಕ್ಷಣ ನಿಂತು ಮುಂದೆ ಹೋಯಿತು. ಕೆಳಗೆ ತನ್ನ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಅದರ ಪಕ್ಕದಲ್ಲಿ, ರುಚಿಗಾತಿ ಎಂದಿದ್ದ ಕಡೆ, ಕೊನೆಯ ಸಲ ನನ್ನದನ್ನು ಹಾಕಿದೆ.